ಅಂಚಿನ ಕಾಲಾಳು, ಒಂದೇ ಮನೆ

ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಕಸಾಯಿಖಾನೆಯ ಕೊನೆಯ ಕುರಿ ಕೊಕ್ಕೆಗೆ ಏರಿತು. ಮೇಸ್ತ್ರಿ ಒಂದೇ ಎಳೆತಕ್ಕೆ ಅದರ ಕುತ್ತಿಗೆ ಕೊಯ್ದ, ಚಾಕುವನ್ನು ಕೋಟಿಗೆ ಒರೆಸಿದ, ಮೂಲೆಯಲ್ಲಿ ಸಾಣೆ ಚಕ್ರದ ಮುಂದೆ ಕೂತಿದ್ದ ಹೆಂಡತಿಯ ತಮ್ಮನ ಕಡೆಗೆ ಎಸೆದ. ಕೊಟ್ಟದ್ದಲ್ಲ, ಎಸೆದದ್ದು. ಚಾಕು ಸಾಣೆಯವನ ಮೊಣಕಾಲಿನಿಂದ ಒಂದು ಗೇಣು ಆಚೆ ಸಿಮೆಂಟಿಗೆ ಬಡಿದು ಕುಣಿಯಿತು.

"ಮೊಂಡಾಗಿದೆ. ದಿನವಿಡೀ ಇಲ್ಲಿ ಕೂತು ಏನು ಉಜ್ಜುತ್ತೀಯೋ?"

"ಸೋಮವಾರಕ್ಕೆ ಸರಿ ಮಾಡಿಡ್ತೀನಿ ಭಾವ."

ಚಾಕು ಮೊಂಡಾಗಿರಲಿಲ್ಲ. ಆ ಚಾಕುವಿನಿಂದ ಮುಖ ಕ್ಷೌರ ಮಾಡಿಕೊಳ್ಳಬಹುದಿತ್ತು. ಹದಿನಾಲ್ಕು ವರ್ಷದಿಂದ ಸಾಣೆ ಹಿಡಿಯುತ್ತಿದ್ದ ಅವನ ಕೈಯಿಂದ ಮೊಂಡು ಚಾಕು ಒಂದೂ ಹೊರಗೆ ಹೋಗಿರಲಿಲ್ಲ. ಅದು ಭಾವನಿಗೂ ಗೊತ್ತಿತ್ತು. ಆದರೆ ಎದುರಿಗೆ ಇದ್ದವರನ್ನು ಒಂದಿಷ್ಟು ಚುಚ್ಚದೆ ಹೋದರೆ ಆ ಮನುಷ್ಯನಿಗೆ ತಿಂದದ್ದು ಅರಗುತ್ತಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ಅವನನ್ನು ಗೂಳಿ ಎನ್ನುತ್ತಿದ್ದರು. ಮುಂದೆ ಅನ್ನುವ ಗಂಡಸು ಆ ಕಟ್ಟಡದಲ್ಲಿ ಇರಲಿಲ್ಲ.

ಅವನಿಗೆ ಅಕ್ಕನನ್ನು ಕೊಟ್ಟು ಹನ್ನೊಂದು ವರ್ಷವಾಗಿತ್ತು. ಹನ್ನೊಂದು ವರ್ಷದಲ್ಲಿ ಅಕ್ಕನ ಎರಡು ಪಕ್ಕೆಲುಬು, ಒಂದು ಹಲ್ಲು, ಬಲಗೈ ಕಿರುಬೆರಳು ಮುರಿದಿದ್ದವು. ಅವಳು ಎರಡು ಸಲ ಠಾಣೆಗೆ ಹೋಗಿ ದೂರು ಕೊಟ್ಟರೂ ಅಲ್ಲಿದ್ದವರು, ಇದೆಲ್ಲ ಮನೆ ವಿಷಯ, ಕೂತು ಮಾತಾಡಿಕೊಳ್ಳಿ ಎಂದು ನೀರು ಕೊಟ್ಟು ಕಳಿಸಿದ್ದರು. ಎರಡನೆಯ ದೂರಿನ ನಂತರ ಗೂಳಿ ಮನೆಗೆ ದಪ್ಪ ಬೀಗ ತಂದ. ಕೆಲಸಕ್ಕೆ ಹೊರಡುವಾಗ ಹೆಂಡತಿಯನ್ನೂ ಎಂಟು ವರ್ಷದ ಮಗಳನ್ನೂ ಒಳಗಿಟ್ಟು, ಹೊರಗಿಂದ ಬೀಗ ಜಡಿದು, ಹಳದಿ ದಾರ ಕಟ್ಟಿದ ಕೀಲಿಯನ್ನು ಕೋಟಿನ ಒಳಜೇಬಿಗೆ ಹಾಕುತ್ತಿದ್ದ. ಹುಡುಗಿ ಶಾಲೆಗೆ ಹೋಗದೆ ಆರು ವಾರವಾಗಿತ್ತು. ಹೋದ ಭಾನುವಾರ ಅವನು ಅವಳ ಮೇಲೂ ಕೈ ಮಾಡಿದ್ದ. ಅಕ್ಕ ತನ್ನ ಪಾಲಿನದನ್ನೆಲ್ಲ ಇಷ್ಟು ವರ್ಷ ಹೊಟ್ಟೆಗೆ ಹಾಕಿಕೊಂಡಿದ್ದಳು. ಮಗಳ ಕೆನ್ನೆಯ ಮೇಲಿನ ಐದು ಬೆರಳನ್ನು ಹಾಕಿಕೊಳ್ಳಲು ಅವಳ ಹೊಟ್ಟೆಯಲ್ಲಿ ಜಾಗ ಇರಲಿಲ್ಲ.

ಇದನ್ನೆಲ್ಲ ಸಾಣೆಯವನಿಗೆ ತಿಳಿಸಿದವಳು ದೊಡ್ಡಮ್ಮ. ಯಾರಿಗೂ ರಕ್ತಸಂಬಂಧಿಯಲ್ಲದ, ಎಲ್ಲರೂ ದೊಡ್ಡಮ್ಮ ಎಂದೇ ಕರೆಯುವ ಆಕೆ ಕಸಾಯಿಖಾನೆಯ ಕೋಟುಗಳನ್ನು ಒಗೆಯುತ್ತಿದ್ದಳು. ಅರವತ್ತು ದಾಟಿತ್ತು. ಗೂಳಿ ವಾರಕ್ಕೊಮ್ಮೆ ಕೋಟಿನ ಜೊತೆ ಮನೆಯ ಅಂಗಿಗಳನ್ನೂ ಗಂಟಿನಲ್ಲಿ ತೂರಿಸುತ್ತಿದ್ದ. ಒಂದು ದಿನ ಆಕೆ ಒಂದು ಬಿಳಿ ಅಂಗಿಯ ತೋಳನ್ನು ಸಾಣೆಯವನ ಮುಖಕ್ಕೆ ಹಿಡಿದಳು.

"ಇದನ್ನ ಹಾಕ್ಕೊಂಡು ಅವನು ಕುರಿ ಕುಯ್ಯಲ್ಲ ತಾನೇ? ಮತ್ತೆ ಈ ರಕ್ತ ಯಾರದ್ದು?"

ಸಾಣೆಯವನು ತಲೆ ತಗ್ಗಿಸಿದ.

"ತಲೆ ತಗ್ಗಿಸಿದ್ದು ಸಾಕು. ನೀನು ಒಡಹುಟ್ಟಿದವನು. ಏನಾದ್ರೂ ಮಾಡ್ತೀಯೋ, ಇಲ್ಲ ಅವಳ ಹೆಣ ಬಂದ ಮೇಲೆ ಹೆಗಲು ಕೊಡ್ತೀಯೋ?"

ಹಾಗೆ ಶುರುವಾದದ್ದು ಆಟದ ಉಪಾಯ. ಕಸಾಯಿಖಾನೆಯಲ್ಲಿ ಶನಿವಾರ ಕೆಲಸ ಮುಗಿದ ಮೇಲೆ ಚದುರಂಗ ಆಡುವ ಪದ್ಧತಿ ಇತ್ತು. ಹಳೆಯ ಕೊಯ್ಯುವ ಮಣೆಯೊಂದರ ಮೇಲೆ ಸುಟ್ಟ ಕಬ್ಬಿಣದಿಂದ ಅರವತ್ನಾಲ್ಕು ಮನೆ ಗೀಚಿದ್ದರು. ಕಾಯಿಗಳು ಕುರಿಯ ಮೂಳೆಯವು. ಎಂದೋ ತೀರಿಹೋದ ಕೆಲಸಗಾರನೊಬ್ಬ ಊಟದ ಬಿಡುವಿನಲ್ಲಿ ಎರಡು ವರ್ಷ ಕೆತ್ತಿ, ಅರ್ಧವನ್ನು ಹೊಗೆ ಹಾಕಿ ಕಪ್ಪು ಮಾಡಿದ್ದ. ನಿಯಮ ನಾಲ್ಕೇ. ರಕ್ತದ ಕೋಟು, ಚಾಕು ಎರಡೂ ವಿಶ್ರಾಂತಿ ಕೋಣೆಯ ಹೊರಗಿನ ಮೊಳೆಗೆ. ಮುಟ್ಟಿದ ಕಾಯಿ ನಡೆಸಲೇಬೇಕು. ಕೂತವನು ಆಟ ಮುಗಿಯುವ ತನಕ ಏಳುವಂತಿಲ್ಲ. ಹೋದ ಸಲ ಸೋತವನಿಗೆ ಬಿಳಿ. ಠಾಣೆಗೆ ಹೆದರದ, ದೇವರಿಗೆ ಹೆದರದ ಗೂಳಿ ಈ ನಾಲ್ಕಕ್ಕೆ ಮಾತ್ರ ತಲೆ ಬಾಗುತ್ತಿದ್ದ. ಆಟದಲ್ಲಿ ತನ್ನನ್ನು ಮೀರಿಸುವವರಿಲ್ಲ ಎನ್ನುವ ಜಂಬ ಅವನಿಗೆ.

ಅಂದರೆ, ಅವನ ಮೈಯಿಂದ ಆ ಕೀಲಿ ದೂರವಾಗುವುದು ವಾರದಲ್ಲಿ ಒಮ್ಮೆ, ಅವನು ಆಟಕ್ಕೆ ಕೂತಷ್ಟು ಹೊತ್ತು ಮಾತ್ರ. ದೊಡ್ಡಮ್ಮ ಒಗೆಯುವ ಬಟ್ಟೆ ಎತ್ತುವ ನೆಪದಲ್ಲಿ ಕೀಲಿ ತೆಗೆಯಬೇಕು. ನಡೆದು ಮನೆ ಸೇರಿ, ತಾಯಿ ಮಗಳನ್ನು ಹೊರಡಿಸಿ, ಬೀಗವನ್ನು ಮೊದಲಿನ ಹಾಗೇ ಹಾಕಿ, ಅವರನ್ನು ಮೂರು ಗಂಟೆಯ ಬಸ್ಸು ಹತ್ತಿಸಬೇಕು. ಆಮೇಲೆ ಮೂರೂಕಾಲರ ಒಳಗೆ ವಾಪಸು ಬಂದು ಕೀಲಿಯನ್ನು ಜೇಬಿಗೆ ಹಾಕಬೇಕು. ಹಾಗಾದರೆ ಯಾರು ತೆರೆದರು ಎಂದು ಗೂಳಿಗೆ ಯಾವತ್ತೂ ತಿಳಿಯುವುದಿಲ್ಲ. ಆಟ ಒಂದೂವರೆಗೆ ಶುರು. ಮೂರೂಕಾಲರ ತನಕ ಅವನು ಆ ಕುರ್ಚಿಯಲ್ಲೇ ಇರಬೇಕು.

ಕಷ್ಟ ಇದ್ದದ್ದು ಅಲ್ಲೇ. ಗೂಳಿ ಯಾರ ಜೊತೆ ಕೂತರೂ ಇಪ್ಪತ್ತು ನಿಮಿಷಕ್ಕೆ ಮುಗಿಸುತ್ತಿದ್ದ. ಸಾಣೆಯವನು ಎಲ್ಲರಂತೆ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ದೂಡುತ್ತಿದ್ದ, ನಡುಮನೆಯಲ್ಲಿ ಕಾಯಿಗಳು ಮುಖಾಮುಖಿಯಾಗುತ್ತಿದ್ದವು, ಕಡಿದಾಟ ಶುರುವಾಗುತ್ತಿತ್ತು, ಕಡಿದಾಟದಲ್ಲಿ ಗೂಳಿಯೇ ಗೆಲ್ಲುತ್ತಿದ್ದ. ಆಟ ಎಳೆಯಬೇಕೆಂದರೆ ಬೇರೆ ಆರಂಭ ಬೇಕಿತ್ತು. ಅಂಥದ್ದು ಸಾಣೆಯವನಿಗೆ ಗೊತ್ತಿದ್ದದ್ದು ಒಂದೇ, ಅಕ್ಕ ಕಲಿಸಿದ್ದು.

ಅವನಿಗೆ ಏಳು ವರ್ಷವಿದ್ದಾಗ, ಹದಿಮೂರರ ಅಕ್ಕ ಮಂಚದ ಮೇಲೆ ಹಲಗೆ ಹಾಸಿ ಹೇಳಿಕೊಟ್ಟಿದ್ದಳು. "ಎಡಗಡೆ ಅಂಚಿನ ಕಾಲಾಳು, ಒಂದೇ ಮನೆ. ಅಷ್ಟೇ. ಆಮೇಲೆ ಯಾರೂ ಮೂರನೇ ಸಾಲು ದಾಟೋದು ಬೇಡ. ನೀನಾಗಿ ಮುಟ್ಟಬೇಡ, ಅವರಿಗೆ ಮುಟ್ಟೋಕೆ ಏನೂ ಸಿಗದ ಹಾಗೆ ಕೂತ್ಕೋ. ಎದುರಿನವರಿಗೆ ಬೇಜಾರು ಬರುತ್ತೆ ನೋಡು." ಬಲ್ಲವರು ನಗುವ ಆರಂಭ ಅದು. ಬಿಳಿ ಕಾಯಿಗೆ ಸಿಕ್ಕ ಮೊದಲ ನಡೆಯನ್ನು ಮೂಲೆಯಲ್ಲಿ ಸುಮ್ಮನೆ ಚೆಲ್ಲಿದ ಹಾಗೆ ಕಾಣುತ್ತದೆ. ಮದುವೆಯಾದ ಹೊಸತರಲ್ಲಿ ಅಕ್ಕ ಗಂಡನ ಜೊತೆಗೂ ಇದನ್ನೇ ಆಡಿದಳು. ಎರಡು ಆಟ ಸೋತಳು, ಮೂರನೆಯದು ಗೆದ್ದಳು. ಗಂಡ ಅವಳ ಕೈಯನ್ನು ಹಲಗೆಯ ಮೇಲೆ ಚಪ್ಪಟೆಯಾಗಿ ಒತ್ತಿ ಹಿಡಿದು, ಕಿರುಬೆರಳನ್ನು ಹಿಂದಕ್ಕೆ ಮಡಿಸುತ್ತಾ ಹೋದ, ಲಟಕ್ಕೆನ್ನುವ ತನಕ. ಆ ಬೆರಳು ಸೊಟ್ಟಗೇ ಕೂಡಿಕೊಂಡಿತು. ಮತ್ತೆ ಅವಳು ಯಾವ ಕಾಯಿಯನ್ನೂ ಮುಟ್ಟಲಿಲ್ಲ.

ಶುಕ್ರವಾರ ದೊಡ್ಡಮ್ಮ ಅಕ್ಕನ ಕಿಟಕಿಯಿಂದ ಮಾತು ತಂದಿದ್ದಳು. "ಗೆಲ್ಲೋಕೆ ಹೋಗಬೇಡ ಅಂತ ಹೇಳಿದಾಳಪ್ಪ. ಸುಮ್ನೆ ಎಳೀಬೇಕಂತೆ. ನನಗೆ ಅದೆಲ್ಲ ಅರ್ಥ ಆಗಲ್ಲ, ಹೇಳಿದ್ದನ್ನ ಹೇಳಿದೀನಿ."

ಒಂದೂವರೆಗೆ ಸಾಣೆಯವನು ಕೂತ. ಗೂಳಿ ಕೋಟನ್ನು ಹೊರಗಿನ ಮೊಳೆಗೆ ಸಿಕ್ಕಿಸಿ, ಬನಿಯನ್ನಿನಲ್ಲಿ ಬಂದು ಎದುರಿಗೆ ಕೂತ. ಚರ್ಮ ಸುಲಿಯುವವನೂ ಇನ್ನಿಬ್ಬರೂ ಗೋಡೆಗೆ ಒರಗಿ ನಿಂತರು. ಗಡಿಯಾರ ಗೂಳಿಯ ತಲೆಯ ಮೇಲೆಯೇ ಇತ್ತು. ಹೊರಗೆ ದೊಡ್ಡಮ್ಮನ ಬಕೆಟ್ಟಿನ ಸದ್ದು ಬಂತು, ನಿಂತಿತು, ದೂರ ಹೋಯಿತು.

ಸಾಣೆಯವನು ಎಡ ಅಂಚಿನ ಕಾಲಾಳನ್ನು ಒಂದು ಮನೆ ಮುಂದಕ್ಕಿಟ್ಟ.

ಗೂಳಿ ಆ ಕಾಯಿಯನ್ನೇ ನೋಡಿದ. ಅವನ ಕುತ್ತಿಗೆಯ ನರ ಉಬ್ಬಿತು. "ಇದು ಅವಳ ಆಟ."

"ಯಾರ ಆಟಾನೂ ಅಲ್ಲ ಭಾವ. ಸುಮ್ನೆ."

"ಯಾಕೋ, ಸೀರೆನೂ ಉಟ್ಕೊಂಡು ಬರಬೇಕಿತ್ತು." ಗೋಡೆಯ ಬಳಿ ಇದ್ದವರು ನಕ್ಕರು. ನಗದಿದ್ದರೆ ಅವರಿಗೂ ಸೋಮವಾರ ಕಾದಿತ್ತು.

ಸಾಣೆಯವನು ನಗಲೂ ಇಲ್ಲ, ಕೆರಳಲೂ ಇಲ್ಲ. ಒಂದೊಂದು ನಡೆಗೂ ಗದ್ದ ಕೆರೆದುಕೊಂಡು ಮೂರು ನಾಲ್ಕು ನಿಮಿಷ ತೆಗೆದುಕೊಂಡ. ಕಾಲಾಳುಗಳು ಒಂದರ ಹಿಂದೊಂದು ಮೂರನೆಯ ಸಾಲಿಗೆ ಬಂದು ನಿಂತವು. ಕುದುರೆಗಳು ಅವುಗಳ ಬೆನ್ನಿಗೇ ನಿಂತವು. ಒಂದು ಒಂಟೆ ಹಿಂದೆ ಸರಿದು, ಆನೆ ಬಿಟ್ಟುಕೊಟ್ಟ ಎಡ ಮೂಲೆಗೇ ಹೋಗಿ ಅವಿತುಕೊಂಡಿತು. ಮಂತ್ರಿ ಅದರ ಮುಂದೆ ಓರೆಯಾಗಿ ಕೂತ. ಗೂಳಿ ಹೊಡೆಯಲು ಹುಡುಕಿದ, ಎಟುಕುವಲ್ಲಿ ಏನೂ ಇರಲಿಲ್ಲ. ಎರಡು ಗಂಟೆಯಾಯಿತು. ಎರಡೂಕಾಲಾಯಿತು. ಈಗ ಅಕ್ಕ ಬೀದಿಯಲ್ಲಿರುತ್ತಾಳೆ ಎಂದುಕೊಂಡಾಗ ಸಾಣೆಯವನಿಗೆ ಹೆದರಿಕೆಯೂ ಆಯಿತು, ಖುಷಿಯೂ ಆಯಿತು.

"ಆಡೋ ನಾಯಿ! ಆಡು!" ಗೂಳಿ ಮೇಜನ್ನು ಗುದ್ದಿದ. "ಇಡೀ ವಂಶಾನೇ ಹೀಗೆ. ಮುದುರ್ಕೊಂಡು ಕೂತಿರೋ ವಂಶ. ಅವಳೂ ಹೀಗೇ, ಮೂಲೇಲಿ ಮುದುರ್ಕೋತಾಳೆ. ಎಷ್ಟು ಒದ್ರೂ ಒಂದು ಸದ್ದಿಲ್ಲ. ಒದೆಯೋಕೂ ಬೇಜಾರು ಬರುತ್ತೆ."

ಗೋಡೆಯ ಬಳಿ ಯಾರೂ ನಗಲಿಲ್ಲ. ಗೂಳಿ ತನ್ನ ರಾಜನ ಮುಂದಿದ್ದ ಕಾಲಾಳುಗಳನ್ನೆಲ್ಲ ಮುಂದಕ್ಕೆ ಅಟ್ಟಿದ. ಮನೆ ಬಾಗಿಲು ತೆರೆದಿಟ್ಟು ಜಗಳಕ್ಕೆ ಓಡಿದ ಹಾಗಿತ್ತು ಅದು. ಆಮೇಲೆ ಹಲ್ಲು ಕಡಿಯುತ್ತಾ ನಡುಮನೆಯಲ್ಲಿದ್ದ ಕುದುರೆಯನ್ನು ಎತ್ತಿ ಬಿಳಿಯ ಕಾಲಾಳಿನ ಮೇಲೆ ಹಾರಿಸಿದ. ಮೂಳೆ ಮೂಳೆಗೆ ಬಡಿದು ಕಾಲಾಳು ನೆಲಕ್ಕೆ ಉರುಳಿತು.

ಸಾಣೆಯವನಿಗೆ ಕಂಡಿತು. ಆ ಕುದುರೆ ಇಷ್ಟು ಹೊತ್ತು ಓರೆದಾರಿಯನ್ನು ಅಡ್ಡಗಟ್ಟಿ ನಿಂತಿತ್ತು. ಈಗ ಎಡ ಮೂಲೆಯಿಂದ ಗೂಳಿಯ ರಾಜನ ಮಗ್ಗುಲ ತನಕ ಒಂದೇ ಒಂದು ಕಾಯಿ ಅಡ್ಡ ಇರಲಿಲ್ಲ. ಮಂತ್ರಿ ಹೋಗಿ ರಾಜನ ಎದೆಗೆ ಎದೆ ಕೊಟ್ಟು ನಿಂತರೆ, ಹಿಂದಿನಿಂದ ಒಂಟೆಯ ಕಾವಲು. ಆಟ ಮುಗಿಯಿತು.

ಗಡಿಯಾರದಲ್ಲಿ ಎರಡೂ ಮೂವತ್ತೈದು.

ಬೇರೆ ನಡೆ ನೂರಿದ್ದವು. ಇನ್ನೊಂದು ಕಾಲಾಳನ್ನು ಒಂದು ಮನೆ ದೂಡಿದ್ದರೆ ಸಾಕಿತ್ತು. ಅದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಆ ಗಳಿಗೆಯಲ್ಲಿ ಅವನ ಕಣ್ಣ ಮುಂದೆ ಬಸ್ಸೂ ಇರಲಿಲ್ಲ, ಕೀಲಿಯೂ ಇರಲಿಲ್ಲ. ಇದೇ ಆರಂಭ ಆಡಿದ್ದಕ್ಕೆ ಮುರಿದ ಸೊಟ್ಟ ಬೆರಳೊಂದೇ ಇತ್ತು. ಹನ್ನೊಂದು ವರ್ಷ ಭಾವ ಎಂದು ತಲೆ ತಗ್ಗಿಸಿದ್ದು ನೆನಪಿಗೆ ಬಂತು. ಆಡುವವರಿಗೆ ಮಾತ್ರ ಬರುವ ಒಂದು ಹಾಳು ಹಸಿವಿದೆ, ಗೆಲುವು ಕಂಡಾಗ ಕೈ ತಾನಾಗಿ ಏಳುತ್ತದೆ. ಎದ್ದಿತು. ಬೆರಳು ಮಂತ್ರಿಯನ್ನು ಮುಟ್ಟಿತು. ಮುಟ್ಟಿದ ಮೇಲೆ ನಡೆಸಲೇಬೇಕು.

"ಶಹ," ಎಂದ ಸಾಣೆಯವನು. "ಮಾತ್."

ಆ ಮಾತು ಬಾಯಿಂದ ಬಿದ್ದ ಮೇಲೆ ಅವನು ಮತ್ತೆ ಗಡಿಯಾರ ನೋಡಿದ. ಅಯ್ಯೋ, ಏನು ಮಾಡಿಬಿಟ್ಟೆ!

ಗೂಳಿ ಹಲಗೆಯನ್ನು ನೋಡುತ್ತಾ ಕೂತ. ಒಂದು ನಿಮಿಷ, ಎರಡು ನಿಮಿಷ. ರಾಜನಿಗೆ ಹೋಗಲು ಮನೆ ಇರಲಿಲ್ಲ. ಚರ್ಮ ಸುಲಿಯುವವನು ತಡೆಯಲಾರದೆ ಉಸಿರು ಬಿಟ್ಟ. ಆ ಸದ್ದಿಗೆ ಗೂಳಿ ಎದ್ದು ನಿಂತ. ಅವನು ಅರಚಲಿಲ್ಲ. ಅದೇ ಹೆದರಿಕೆ ಹುಟ್ಟಿಸಿದ್ದು.

"ಸರಿ. ಮನೆಗೆ ಹೋಗ್ತೀನಿ. ಕಲಿಸಿದವಳನ್ನ ಮಾತಾಡಿಸಿ ಬರ್ತೀನಿ."

ಸಾಣೆಯವನು ಅವನಿಗಿಂತ ಮೊದಲು ಬಾಗಿಲು ಮುಟ್ಟಿದ. ಅಗುಳಿ ಜಡಿದು, ಬೆನ್ನು ಕೊಟ್ಟು ನಿಂತ. "ಎಲ್ಲಿಗೆ? ಕೂತ್ಕೋ. ಇನ್ನೊಂದು ಆಟ ಆಡು."

ಹನ್ನೊಂದು ವರ್ಷದಲ್ಲಿ ಅವನು ಭಾವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಮೊದಲ ಏಟು ಬಾಯಿಗೆ ಬಿತ್ತು. ಎರಡು ಹಲ್ಲು ನಾಲಿಗೆಯ ಮೇಲೆ ಬಂದವು. ಎರಡನೆಯದು ಪಕ್ಕೆಗೆ. ಕುರಿಯನ್ನು ಒಂದೇ ಕೈಯಲ್ಲಿ ಎತ್ತಿ ಕೊಕ್ಕೆಗೆ ಹಾಕುವ ಕೈ ಅದು, ಎಲ್ಲಿ ಮೂಳೆ, ಎಲ್ಲಿ ಮಾಂಸ ಎಂದು ನೋಡದೆ ಬಲ್ಲದು. ಸಾಣೆಯವನು ಬಗ್ಗಿದ, ಬಿದ್ದ, ಆದರೆ ಬಾಗಿಲಿಗೆ ಅಡ್ಡವಾಗಿಯೇ ಬಿದ್ದ.

"ಸರಿಯೋ!"

"ಹೆಂಗಸಿಗೆ ಹೊಡೆಯೋ ಹೇಡಿ! ಎರಡು ಸಲ ಸೋತೆ. ಅವಳ ಕೈಲೂ ಸೋತೆ, ನನ್ನ ಕೈಲೂ ಸೋತೆ!"

ಬೇಕೆಂದೇ ಅಂದದ್ದು. ಮನೆಗೆ ಹೋಗುವ ಕೋಪ ತನ್ನ ಮೇಲೆ ತಿರುಗಲಿ ಎಂದು. ತಿರುಗಿತು. ಗೂಳಿ ಹಲಗೆಯನ್ನೇ ಎತ್ತಿ ಅವನ ಬೆನ್ನ ಮೇಲೆ ಇಳಿಸಿದ. ಮೂಳೆಯ ಕಾಯಿಗಳು ಕೋಣೆ ತುಂಬ ಚೆಲ್ಲಾಡಿದವು. ಒದೆಗೆ ಲೆಕ್ಕವಿರಲಿಲ್ಲ. ಸಾಣೆಯವನು ಅವನ ಬಲಗಾಲನ್ನು ಎರಡೂ ಕೈಯಿಂದ ತಬ್ಬಿಕೊಂಡ. ಎಳೆದರೂ ಬಿಡಲಿಲ್ಲ. ಮೀನಖಂಡಕ್ಕೆ ಉಳಿದ ಹಲ್ಲುಗಳನ್ನು ಊರಿದ. ಬಾಯಲ್ಲಿ ಉಪ್ಪು ತುಂಬಿತು, ಯಾರ ರಕ್ತವೋ. ಒಂದು ಕಣ್ಣು ಮುಚ್ಚಿಹೋಗಿತ್ತು, ಇನ್ನೊಂದು ಗಡಿಯಾರದ ಮೇಲಿತ್ತು. ಎರಡೂ ನಲವತ್ತಾರು.

ಗೂಳಿ ಎಡಗಾಲಿನ ಬೂಟಿನ ಹಿಮ್ಮಡಿಯನ್ನು ಅವನ ಬಲಗೈ ಮೇಲೆ ಇಟ್ಟು, ಇಡೀ ಮೈಭಾರ ಹಾಕಿ ತಿರುವಿದ. ಬೆರಳುಗಳು ಒಂದಾದ ಮೇಲೊಂದು ಮುರಿದವು. ಸಾಣೆ ಹಿಡಿಯುವವನಿಗೆ ಬೆರಳೇ ಅನ್ನ. ಅವನು ಕಿರುಚಿದ ಸದ್ದು ಅಂಗಳ ದಾಟಿ ಗೇಟಿನ ತನಕ ಕೇಳಿತಂತೆ. ಆದರೂ ಎಡಗೈ ಬಿಡಲಿಲ್ಲ.

"ಸತ್ತೋಗ್ತಾನೆ!" ಚರ್ಮ ಸುಲಿಯುವವನಿಗೆ ಕೊನೆಗೂ ಜೀವ ಬಂತು. ಇಷ್ಟು ವರ್ಷ ಗೋಡೆಗೆ ಒರಗಿಯೇ ಕಾಲ ಹಾಕಿದ ಮನುಷ್ಯ, ಒಳ್ಳೆಯದು ಮಾಡಲು ಆ ಗಳಿಗೆಯನ್ನೇ ಆರಿಸಿಕೊಂಡ. ಓಡಿ ಬಂದು, ಸಾಣೆಯವನ ತಲೆಯ ಮೇಲಿಂದ ಕೈ ಚಾಚಿದ. "ಮೇಸ್ತ್ರಿ, ಬಿಟ್ಬಿಡಿ, ಹೋಗಿ, ಮನೆಗೆ ಹೋಗಿ! ಬಾಗಿಲು ತೆಗೀತೀನಿ!"

"ತೆಗೀಬೇಡ," ಎಂದ ಸಾಣೆಯವನು. ಬಾಯಿ ತುಂಬ ರಕ್ತ, ಮಾತು ಯಾರಿಗೂ ತಿಳಿಯಲಿಲ್ಲ. "ತೆಗೀಬೇಡ... ಇನ್ನೂ... ಹೊತ್ತಿದೆ..."

ಅಗುಳಿ ಸರಿಯಿತು. ಉಳಿದಿಬ್ಬರು ಸಾಣೆಯವನನ್ನು ಪಾಪ ಎಂದು ಹಿಡಿದೆಳೆದು ಪಕ್ಕಕ್ಕೆ ಮಲಗಿಸಿದರು. ಗೂಳಿ ಅವನನ್ನು ದಾಟಿ ಹೊರಗೆ ಹೋದ. ಎರಡೂ ಐವತ್ತೆರಡು. ಕೋಟು ಹಾಕಿಕೊಂಡ, ಜೇಬು ತಡಕಿದ, ಇನ್ನೊಂದು ಜೇಬು ತಡಕಿದ. ಆಮೇಲೆ ಮೋಟಾರ್ ಸೈಕಲ್ಲಿನ ಸದ್ದು.

ಮುಂದಿನದನ್ನು ಸಾಣೆಯವನು ಆಸ್ಪತ್ರೆಯಲ್ಲಿ ಒಬ್ಬೊಬ್ಬರ ಬಾಯಿಂದ ಕೇಳಿದ. ಗೂಳಿ ಮನೆಗೆ ಹೋದಾಗ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಕೂಗಿದ, ಬಾಗಿಲು ಒದ್ದ, ಕಿಟಕಿ ಒಡೆದು ಒಳಗೆ ನೋಡಿದ. ಖಾಲಿ ಮನೆ. ಬಸ್ ನಿಲ್ದಾಣಕ್ಕೆ ಹೋದಾಗ ಮೂರರ ಬಸ್ಸು ಹೊರಟು ಎಂಟು ನಿಮಿಷವಾಗಿತ್ತು. ಅಕ್ಕ, ಮಗಳು ಅದರಲ್ಲಿದ್ದರು. ಅಲ್ಲಿಂದ ವಾಪಸು ಬರುವಾಗ, ಕಸಾಯಿಖಾನೆಗೆ ಎರಡು ಬೀದಿ ಆಚೆ, ಏದುಸಿರು ಬಿಡುತ್ತಾ ಬೇಗ ಬೇಗ ನಡೆಯುತ್ತಿದ್ದ ದೊಡ್ಡಮ್ಮ ಅವನ ಕಣ್ಣಿಗೆ ಬಿದ್ದಳು. ಕೀಲಿ ಅವಳ ಮುಷ್ಟಿಯಲ್ಲಿತ್ತು. ಹಳದಿ ದಾರ ಹೊರಗೆ ಇಣುಕುತ್ತಿತ್ತು.

ಎಲ್ಲಿಗೆ ಕಳಿಸಿದೆ ಎಂದು ಅವನು ಕೇಳುತ್ತಿದ್ದನಂತೆ. ಕೇಳಿದಾಗಲೊಮ್ಮೆ ಹೊಡೆಯುತ್ತಿದ್ದನಂತೆ. ದೊಡ್ಡಮ್ಮ ಬಾಯಿ ಬಿಡಲಿಲ್ಲ. ಅಂಗಡಿಗಳವರು ಓಡಿ ಬಂದು ಏಳೆಂಟು ಮಂದಿ ಸೇರಿ ಅವನನ್ನು ನೆಲಕ್ಕೆ ಕೆಡವಿ ಹಿಡಿಯುವಷ್ಟರಲ್ಲಿ ಆಕೆಯ ತೋಳು ಎರಡು ಕಡೆ, ಸೊಂಟ ಒಂದು ಕಡೆ ಮುರಿದಿತ್ತು, ಎಡಗಣ್ಣು ಹೋಗಿತ್ತು. ಈ ಸಲ ಠಾಣೆಯವರು ನೀರು ಕೊಟ್ಟು ಕಳಿಸಲಿಲ್ಲ. ನಡುಬೀದಿಯಲ್ಲಿ ನಡೆದದ್ದಲ್ಲವೇ, ಮನೆ ವಿಷಯ ಅನ್ನುವ ಹಾಗಿರಲಿಲ್ಲ. ಗೂಳಿಯನ್ನು ಒಳಗೆ ಹಾಕಿದರು.

ಐದನೆಯ ದಿನ ಸಾಣೆಯವನಿಗೆ ಎದ್ದು ಓಡಾಡಲು ಬಿಟ್ಟರು. ಬಲಗೈ ಮೊಣಕೈ ತನಕ ಪ್ಲಾಸ್ಟರ್. ಗೋಡೆ ಹಿಡಿದುಕೊಂಡು ಹೆಂಗಸರ ವಾರ್ಡಿಗೆ ಹೋದ. ಕಿಟಕಿಯ ಪಕ್ಕದ ಮಂಚದಲ್ಲಿ ದೊಡ್ಡಮ್ಮ ಇಷ್ಟೇ ಇಷ್ಟಾಗಿ ಮಲಗಿದ್ದಳು. ಅವನನ್ನು ನೋಡಿ ಉಳಿದ ಕಣ್ಣು ಅರಳಿತು.

"ಬಾರಪ್ಪ, ಕೂತ್ಕೋ. ಅಕ್ಕ ಫೋನ್ ಮಾಡಿದ್ದಳಂತಲ್ಲ? ಮಗು ಹೇಗಿದೆ?"

"ಚೆನ್ನಾಗಿದೆ ದೊಡ್ಡಮ್ಮ. ಶಾಲೆಗೆ ಸೇರಿಸ್ತಾಳಂತೆ."

"ಅಷ್ಟು ಸಾಕು." ಆಕೆ ಊದಿದ ತುಟಿಯಲ್ಲೇ ನಕ್ಕಳು. "ಮತ್ತೆ ಆಟ ಗೆದ್ಯಂತೆ? ಚರ್ಮದವನು ಬಂದಿದ್ದ, ಹೇಳಿದ. ಅವನ ಮುಖ ನೋಡಬೇಕಿತ್ತು ಅಂದ. ಒಳ್ಳೇದಾಯ್ತು ಬಿಡು. ಒಂದು ಸಲನಾದ್ರೂ ಅವನು ಸೋತ."

ಸುಮ್ಮನಿದ್ದುಬಿಡಬಹುದಿತ್ತು. ಹೌದು ದೊಡ್ಡಮ್ಮ ಎಂದು ಎದ್ದು ಬಂದಿದ್ದರೆ ಆಕೆ ಆ ಸಂತೋಷದಲ್ಲೇ ಇರುತ್ತಿದ್ದಳು. ಸಾಣೆಯವನ ಕಣ್ಣಿಂದ ನೀರು ಸುರಿಯಿತು, ಒರೆಸಲು ಕೈ ಏಳಲಿಲ್ಲ.

"ಗೆಲ್ಲಬಾರದಿತ್ತು ದೊಡ್ಡಮ್ಮ."

"ಯಾಕೆ?"

"ಗೆದ್ರೆ ಆಟ ಮುಗಿಯುತ್ತೆ. ಅವನು ಎದ್ದು ಹೋಗ್ತಾನೆ. ಅಕ್ಕ ಹೇಳಿ ಕಳಿಸಿದ್ದು ಅದನ್ನೇ. ನೀವೇ ಬಂದು ಹೇಳಿದ್ರಿ."

ಆಕೆಗೆ ಅರ್ಥವಾಗಲು ಹೊತ್ತು ಹಿಡಿಯಿತು. ನಗು ತುಟಿಯಿಂದ ಮೆಲ್ಲಗೆ ಇಳಿಯಿತು. "ಬೇರೆ ದಾರಿ ಇರಲಿಲ್ವಾ?"

"ಇತ್ತು. ಯಾವುದಾದ್ರೂ ಕಾಲಾಳನ್ನ ಒಂದು ಮನೆ ದೂಡಿದ್ರೆ ಆಗ್ತಿತ್ತು. ಗೊತ್ತಿದ್ದೂ ಗೆದ್ದೆ. ಆಸೆ ತಡೆಯೋಕಾಗಲಿಲ್ಲ."

"ಇನ್ನೆಷ್ಟು ಹೊತ್ತು ಬೇಕಿತ್ತು?"

"ನೀವು ಬಂದು ಕೀಲಿ ಹಾಕೋ ತನಕ. ನಲವತ್ತು ನಿಮಿಷ."

ದೊಡ್ಡಮ್ಮ ಒಂದೇ ಕಣ್ಣಿನಿಂದ ಅವನ ಬಾಯಿಯಲ್ಲಿ ಇಲ್ಲದ ಹಲ್ಲುಗಳನ್ನು, ಪ್ಲಾಸ್ಟರಿನ ತುದಿಯಲ್ಲಿ ಕಪ್ಪಗೆ ಇಣುಕುತ್ತಿದ್ದ ಬೆರಳುಗಳನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡ. ಬೈದಿದ್ದರೆ ಚೆನ್ನಾಗಿತ್ತು.

"ಈಗ ಹೋಗಪ್ಪ," ಎಂದಳು. "ನಾಳೆ ಬೇಕಾದ್ರೆ ಬಾ. ಇವತ್ತು ನಿನ್ನ ಮುಖ ನೋಡೋಕೆ ನನ್ನ ಕೈಲಾಗಲ್ಲ."

ಅವನು ಎದ್ದ. ಮರುದಿನ ಹೋದ. ಆಕೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ಅರ್ಧ ಗಂಟೆ ಕೂತು ಎದ್ದು ಬಂದ. ಅದರ ಮರುದಿನವೂ ಹೋಗಿ ಕೂತ.